ಬೈಸಿಕಲ್ಲಿಗೆ ತಕ್ಕ ಮಣ್ಣುದಾರಿಗಳು

ಊರಿನಿಂದ ಊರಿಗೆ ಹೋಗುವುದಕ್ಕೆ ಎರಡು ಬಗೆಯ ದಾರಿಗಳುಂಟು. ಒಂದು, ಬೇಗ ಮುಟ್ಟಬೇಕೆನ್ನುವವರಿಗಾಗಿ ಸರ್ಕಾರವು ಮಾಡಿಸಿದ ದಾರಿ. ಇನ್ನೊಂದು, ಹೊಲಕ್ಕೆ, ಕೆರೆಗೆ, ಸಂತೆಗೆ, ನಂಟರ ಮನೆಗೆ ಹೋಗಿಬರುವವರ ಕಾಲೂ ಗಾಡಿಯ ಚಕ್ರವೂ ತುಳಿದು ತುಳಿದು ತಾನಾಗಿ ಆದ ದಾರಿ. ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳೆಂಬ ನಮ್ಮ ಜಿಲ್ಲೆಯ ನಾಲ್ಕು ಸೀಮೆಗಳಲ್ಲಿ ಈ ಎರಡನೆಯ ಬಗೆಯ ದಾರಿಗಳಿಗೆ ಇನ್ನೂ ಕೊರತೆಯಿಲ್ಲ. ಸಾಲಿಗ್ರಾಮ, ಸರಗೂರುಗಳು ಈಚೆಗೆ ಬೇರೆ ತಾಲ್ಲೂಕುಗಳಾಗಿದ್ದರೂ ನಾನು ಹಳೆಯ ರೂಢಿಯಂತೆ ನಾಲ್ಕೆಂದೇ ಎಣಿಸಿದ್ದೇನೆ. ಕೆಲವು ವರ್ಷಗಳಿಂದ ಈ ದಾರಿಗಳಲ್ಲಿ ಬೈಸಿಕಲ್ಲಿನ ಮೇಲೆ ತಿರುಗಾಡುವ ಅಭ್ಯಾಸ ನನಗಿರುವುದರಿಂದ, ಹೊಸಬರಿಗೆ ಯಾವ ದಾರಿ ತಕ್ಕುದು, ಪಳಗಿದವರಿಗೆ ಯಾವುದು ಎಂದು ಮಿತ್ರರು ಆಗಾಗ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿ ಈ ನಾಲ್ಕು ಮಾತುಗಳು.

ಮಣ್ಣುದಾರಿಗೆಂದೇ ಮಾಡಿದ ಬೈಸಿಕಲ್ಲುಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಅವಕ್ಕೆ ಗ್ರಾವೆಲ್ ಬೈಕ್ ಎಂದು ಹೆಸರು. ಪಂದ್ಯದ ಬೈಸಿಕಲ್ಲಿನಂತೆ ಬಾಗಿದ ಹ್ಯಾಂಡಲು. ಆದರೆ ಟೈರು ಮಾತ್ರ 40 ಮಿಲಿಮೀಟರಿನಷ್ಟು ಅಗಲ. ಗಾಳಿಯನ್ನು ಸ್ವಲ್ಪ ಕಡಮೆ ತುಂಬಿದರೆ ಅದು ನೊರಜುಗಲ್ಲಿನ ಮೇಲೆ ಪುಟಿಯದೆ ನೆಲವನ್ನು ಅಪ್ಪಿಕೊಂಡು ಉರುಳುತ್ತದೆ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಜಲ್ಲಿಹಾದಿಯ ಪಂದ್ಯವು ಈ ಹವ್ಯಾಸಕ್ಕೆ ಬಹಳ ಪ್ರಸಿದ್ಧಿಯನ್ನು ತಂದಿತು. ಆದರೆ ಎರಡು ಪಕ್ಕಕ್ಕೂ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಗಾಡಿಜಾಡಿನಲ್ಲಿ ತೊಟ್ಟು ಹಾಲು ಚೆಲ್ಲದೆ ಸಾಗುತ್ತಿದ್ದ ನಮ್ಮ ಹಳ್ಳಿಯ ಹಾಲಿನವನು, ಹೆಸರಿನ ಹಂಗಿಲ್ಲದೆಯೇ ಈ ವಿದ್ಯೆಯಲ್ಲಿ ಪಾರಂಗತನಾಗಿದ್ದನೆಂಬುದನ್ನು ನಾವು ಮರೆಯತಕ್ಕದ್ದಲ್ಲ.

ದಾರಿಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸುವವರು ಸಾಮಾನ್ಯವಾಗಿ ದೂರವನ್ನೂ ಏರನ್ನೂ ಲೆಕ್ಕ ಹಾಕುತ್ತಾರೆ. ನನಗೆ ಆ ಲೆಕ್ಕ ಸಾಲದೆಂದು ತೋರುತ್ತದೆ. ಒಂದು ದಾರಿ ನಮ್ಮ ಕಾಲನ್ನು ಕೇಳುತ್ತದೆ. ಒಂದು ಕಣ್ಣನ್ನು ಕೇಳುತ್ತದೆ. ಇನ್ನೊಂದು ನಮ್ಮ ಸಂಯಮವನ್ನು ಕೇಳುತ್ತದೆ. ನಮ್ಮ ಸೀಮೆಯಲ್ಲಿ ಈ ಮೂರೂ ಉಂಟು.

ಕಾಲಿನ ದಾರಿ ಕೃಷ್ಣರಾಜನಗರದ ಕಡೆಯದು. ಹಳೆಯ ಎಡತೊರೆಯಲ್ಲಿ ಕಾವೇರಿಯ ದಡದ ಮೇಲಿರುವ ಅರ್ಕೇಶ್ವರನ ಗುಡಿಯಿಂದ ಹೊರಟು, ಗದ್ದೆಬಯಲಿನ ನಡುವೆ ನಾಲೆಯ ಏರಿಗಳನ್ನೂ ಹಳ್ಳಿಯ ದಾರಿಗಳನ್ನೂ ಹಿಡಿದು ಚುಂಚನಕಟ್ಟೆಯವರೆಗೆ ಹೋಗಬಹುದು. ನೇರವಾಗಿ ಹೋದರೆ ಸುಮಾರು 15 ಕಿಲೋಮೀಟರು. ಬಳಸಿಕೊಂಡು ಹೋದರೆ ಅದಕ್ಕಿಂತ ಹೆಚ್ಚು. ನೀರು ತಾನಾಗಿ ಹರಿಯಬೇಕು, ಆದರೆ ಮಣ್ಣನ್ನು ಕೊರೆಯಬಾರದು ಎಂಬ ಉದ್ದೇಶದಿಂದ ನಾಲೆಯನ್ನು ಅತ್ಯಲ್ಪವಾದ ಇಳಿಜಾರಿನಲ್ಲಿ ತೋಡುತ್ತಾರೆ. ಆದುದರಿಂದ ಅದರ ಏರಿಯೂ ಹೆಚ್ಚುಕಡಮೆ ಸಮತಟ್ಟು. ನೀರಿಗೆ ಅನುಕೂಲವಾದುದು ಹೊಸ ಸವಾರನಿಗೂ ಅನುಕೂಲವಾಯಿತು. ಪೆಡಲು ತುಳಿಯುವ ಲಯವೊಂದು ಕೂಡಿಬಂದರೆ ಇಲ್ಲಿ ಬೇರೇನೂ ಬೇಡ. ಎಚ್ಚರಿಕೆ ಒಂದೇ: ಮಳೆ ಬಿದ್ದ ಮರುದಿನ ಏರಿಯ ಜೇಡಿಮಣ್ಣು ಸಾಬೂನಿನಂತೆ ಜಾರುತ್ತದೆ, ನಾಲೆ ತುಂಬಿ ಹರಿಯುವಾಗ ಅಂಚಿನಲ್ಲಿ ಸಾಗುವ ಗೋಜಿಗೆ ಹೋಗಬಾರದು. ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 60 ಅಡಿ ಕೆಳಕ್ಕೆ ಧುಮುಕುತ್ತಾಳೆ. ಆ ಮೊರೆತವು ಪಕ್ಕದ ಕೋದಂಡರಾಮನ ಗರ್ಭಗುಡಿಯೊಳಗೆ ಕೇಳಿಸುವುದಿಲ್ಲವೆಂದು ಜನ ಹೇಳುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಹೋದರೆ ದನಗಳ ಜಾತ್ರೆಯನ್ನೂ ನೋಡಬಹುದು.

ಕಣ್ಣಿನ ದಾರಿ ಹುಣಸೂರು ಪಿರಿಯಾಪಟ್ಟಣಗಳದು. ಲಕ್ಷ್ಮಣತೀರ್ಥವನ್ನು ದಾಟಿ, 275ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ಹೊರಳಿದರೆ ದಿಣ್ಣೆಯ ಮೇಲೆ ದಿಣ್ಣೆ. ಗುರಿಗೆಂದು ದೂರದಲ್ಲಿ ಬೆಟ್ಟದಪುರದ ಬೆಟ್ಟ ನಿಂತಿರುತ್ತದೆ. ಸಮುದ್ರಮಟ್ಟದಿಂದ 4,300 ಅಡಿಗೂ ಮಿಕ್ಕ ಆ ಎತ್ತರದ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿ. ಆದರೆ ಸವಾರನು ಬೆಟ್ಟವನ್ನು ನೋಡುತ್ತ ಸಾಗುವಂತಿಲ್ಲ. ಚಕ್ರದ ಮುಂದಿನ ಹತ್ತು ಮಾರು ನೆಲವನ್ನು ಓದಿಕೊಳ್ಳಬೇಕು. ಗಟ್ಟಿ ಕೆಮ್ಮಣ್ಣಿನ ಮೇಲೆ ಸಡಿಲವಾದ ಗರಸು ಹರಡಿರುವ ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಥಟ್ಟನೆ ಹಿಡಿದವನು ಬೀಳುತ್ತಾನೆ. ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿ, ತಿರುವಿನಲ್ಲಿ ಬ್ರೇಕನ್ನು ಮುಟ್ಟದೆ ಹೋಗುವುದೇ ಜಾಣತನ.

ನೆಲದ ಜೊತೆಗೆ ಕಾಲವನ್ನೂ ಓದಬೇಕು. ಇದು ಹೊಗೆಸೊಪ್ಪಿನ ಸೀಮೆ. ಮುಂಗಾರಿನಲ್ಲಿ ಬೆಳೆದ ಎಲೆಯನ್ನು ಬ್ಯಾರನ್ನುಗಳಲ್ಲಿ ಸೌದೆಯುರಿಸಿ ಹದಮಾಡುವ ತಿಂಗಳುಗಳಲ್ಲಿ ಎಲೆ ಸೌದೆಗಳನ್ನು ಹೇರಿದ ಟ್ರಾಕ್ಟರುಗಳು ದಾರಿಯನ್ನೆಲ್ಲ ಉತ್ತುಬಿಡುತ್ತವೆ. ಸುಗ್ಗಿಯಲ್ಲಿ ರೈತರು ಹುರುಳಿ ರಾಗಿಗಳನ್ನು ದಾರಿಗೇ ಹರಡಿ ಒಕ್ಕುವುದುಂಟು; ಅಲ್ಲಿ ಇಳಿದು ಬೈಸಿಕಲ್ಲನ್ನು ಎತ್ತಿಕೊಂಡು ಬದಿಯಿಂದ ನಡೆಯುವುದು ಮರ್ಯಾದೆ. ಒಮ್ಮೆ ಹೀಗೆ ನಡೆದಾಗ ಮುದುಕಿಯೊಬ್ಬಳು, “ತುಳುಕೊಂಡೇ ಹೋಗಪ್ಪ, ಕಾಳು ಬುಟ್ಕತದೆ” ಎಂದು ನಕ್ಕಳು. ಕಣದ ಮೇಲೆ ಸವಾರಿ ಮಾಡುವ ಅಪ್ಪಣೆ ನನಗೆ ದೊರೆತದ್ದು ಅಂದೊಂದೇ ದಿನ. ಪಶ್ಚಿಮಕ್ಕೆ ಮುಂದುವರಿದರೆ ಬೈಲುಕುಪ್ಪೆ. 1960ರ ದಶಕದ ಆದಿಯಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟ್ಟಿನವರು ಅಲ್ಲಿ ಕಾಡು ಕಡಿದು ಮುಸುಕಿನ ಜೋಳದ ಹೊಲಗಳನ್ನು ಎಬ್ಬಿಸಿದರು. ನವೆಂಬರಿನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು ಈ ದಾರಿಗಳಿಗೆ ಉತ್ತಮ ಕಾಲ.

ಮೂರನೆಯದು ಹೆಗ್ಗಡದೇವನಕೋಟೆಯ ಕಡೆಯ ದಾರಿ. ಅಂತರಸಂತೆಯನ್ನು ದಾಟಿ ಕಬಿನಿಯ ಹಿನ್ನೀರಿನತ್ತ ಹೋಗುವ ಕವಲುಗಳಲ್ಲಿ ಏರು ಹೆಚ್ಚಿಲ್ಲ, ಕಲ್ಲೂ ಹೆಚ್ಚಿಲ್ಲ. ಬರಿಯ ದೂರದ ಲೆಕ್ಕದಲ್ಲಿ ಇದನ್ನು ಹೊಸಬರ ದಾರಿಯೆಂದೇ ಬರೆದಾರು. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಕಠಿಣ. 1988ರಲ್ಲಿ ರಾಷ್ಟ್ರೀಯ ಉದ್ಯಾನವೂ 1999ರಲ್ಲಿ ಹುಲಿಗಳ ರಕ್ಷಿತಾರಣ್ಯವೂ ಆದ ನಾಗರಹೊಳೆಯ ಕಾಡು ಇಲ್ಲಿ ಹೊಲದ ಬೇಲಿಗೆ ಅಂಟಿಕೊಂಡಿದೆ. ಕಾಕನಕೋಟೆಯಲ್ಲಿ ಆನೆಗಳನ್ನು ಹಿಡಿಯುವ ಖೆಡ್ಡಾ 1971ರಲ್ಲಿ ಕೊನೆಯದಾಗಿ ನಡೆಯಿತು; 1974ರ ಹೊತ್ತಿಗೆ ಕಬಿನಿಯ ಅಣೆಕಟ್ಟು ಎದ್ದು ಹಳೆಯ ಕಾಡಿನ ಬಹುಭಾಗ ನೀರಿನಡಿಯಾಯಿತು. ಬೇಸಗೆಯಲ್ಲಿ ನೀರು ಇಳಿದಂತೆ ದಡದಲ್ಲಿ ಎಳೆಹುಲ್ಲು ಚಿಗುರುತ್ತದೆ. ಅದನ್ನು ಅರಸಿ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಎಂದರೆ, ದಾರಿ ಒಣಗಿ ಬೈಸಿಕಲ್ಲಿಗೆ ಹದವಾಗುವ ಕಾಲವೂ ಆನೆಗಳು ನೆರೆಯುವ ಕಾಲವೂ ಒಂದೇ. ಕಂದಕ ತೋಡಿ, ರೈಲುಕಂಬಿಯ ಬೇಲಿ ಹಾಕಿದರೂ ಅವು ದಾಟುವ ಕಡೆ ದಾಟುತ್ತವೆ. ಮೋಟಾರಿನ ಸದ್ದನ್ನು ಆನೆ ದೂರದಿಂದಲೇ ಅರಿಯುತ್ತದೆ. ಸದ್ದಿಲ್ಲದೆ ಬರುವ ಬೈಸಿಕಲ್ಲು ತಿರುವಿನಲ್ಲಿ ಅದನ್ನು ಬೆಚ್ಚಿಬೀಳಿಸುತ್ತದೆ. ನಮ್ಮ ವಾಹನದ ಗುಣವೇ ಅಲ್ಲಿ ದೋಷವಾಗುತ್ತದೆ.

ಒಂದು ಮುಂಜಾನೆ, ಜೊತೆಗಿದ್ದ ತರುಣನಿಗೆ ಹಿನ್ನೀರನ್ನು ಕಾಣುವ ಆಸೆ. ಇನ್ನು ಎರಡು ಕಿಲೋಮೀಟರು ಇದ್ದಿರಬೇಕು. ಎದುರಿಗೆ ಬಂದ ಕಾವಲುಗಾರನು, “ಇಲ್ಲಿಂದಾಚ್ಗೆ ಬ್ಯಾಡಿ ಸಾ, ಈಗ್ಲೇ ದಾಟವೆ” ಎಂದು, ದಾರಿಯ ನಡುವೆ ಇನ್ನೂ ಹಬೆಯಾಡುತ್ತಿದ್ದ ಲದ್ದಿಯನ್ನು ತೋರಿಸಿದನು. ನಾವು ಹಿಂದಿರುಗಿದೆವು. ತರುಣನು ಅರ್ಧ ಗಂಟೆ ಮಾತಾಡಲಿಲ್ಲ. ಅಷ್ಟು ದೂರದಿಂದ ಬಂದು, ಕಾಲಿನಲ್ಲಿ ಕಸುವಿರುವಾಗಲೇ, ಕಣ್ಣಿಗೆ ಯಾವ ಅಪಾಯವೂ ಬೀಳದಿರುವಾಗಲೇ, ಇನ್ನೊಬ್ಬನ ಮಾತಿಗೆ ತಲೆಬಾಗಿ ಚಕ್ರವನ್ನು ತಿರುಗಿಸುವುದಿದೆಯಲ್ಲ, ಅದಕ್ಕೆ ಬೇಕಾದ ಪಳಗಿಕೆ ಯಾವ ಏರಿಗೂ ಬೇಡ.

ಹಿಂದಿರುಗುವಾಗ ಹಳ್ಳಿಯ ಬಾಯಲ್ಲಿ ಐದಾರು ಹೆಣ್ಣುಮಕ್ಕಳು ಬೈಸಿಕಲ್ಲುಗಳನ್ನು ಹಿಡಿದು ನಿಂತಿದ್ದರು. 8ನೆಯ ತರಗತಿಯ ಮಕ್ಕಳಿಗೆ ಸರ್ಕಾರವು 2006–07ರಲ್ಲಿ ಕೊಡತೊಡಗಿ, ಮುಂದೆ ನಿಲ್ಲಿಸಿದ ಯೋಜನೆಯ ಬೈಸಿಕಲ್ಲುಗಳವು. ಅಕ್ಕಂದಿರು ತುಳಿದು ತಂಗಿಯರಿಗೆ ಬಿಟ್ಟಂಥವು. ಗೇರಿಲ್ಲ, ಅಗಲವಾದ ಟೈರಿಲ್ಲ. ಹೊತ್ತಾಗಲಿಲ್ಲವೇನಮ್ಮ ಎಂದು ಕೇಳಿದೆ. “ಇನ್ನೊಬ್ಬಳು ಬರ್ಬೇಕು ಸಾರ್. ಎಲ್ರೂ ಕೂಡ್ಕೊಂಡೇ ಹೋಗೋದು, ಒಬ್ಬೊಬ್ರೇ ಹೋಗಲ್ಲ” ಎಂದಳು ಒಬ್ಬಳು. ನಾವು ಹಿಂದಿರುಗಿದ್ದೂ ಅವರು ಕಾದದ್ದೂ ಅದೇ ಆನೆಗಾಗಿ. ನಮಗೆ ಹಿಂದಿರುಗುವ ಸ್ವಾತಂತ್ರ್ಯವಿತ್ತು. ಅವರಿಗೆ ದಿನವೂ ಅದೇ ದಾರಿ. ಸುಲಭ ಕಠಿಣಗಳೆಂಬ ವಿಂಗಡಣೆಯೇ ವಿರಾಮವುಳ್ಳವರ ಮಾತೆಂದು ನನಗೆ ಆಗ ಹೊಳೆಯಿತು.

ಈಗ ಸವಾರರು ತಾವು ಹೋದ ದಾರಿಯ ನಕಾಶೆಯನ್ನು ಮೊಬೈಲಿನಲ್ಲಿ ಬರೆದು ನೂರಾರು ಮಂದಿಗೆ ಹಂಚುತ್ತಾರೆ. ಹಂಚಲಿ, ದಾರಿಗಳು ಇರುವುದೇ ಜನ ನಡೆಯುವುದಕ್ಕೆ. ಆದರೆ ಕಾಡಿನೊಳಗಿನ ಹಾದಿಯನ್ನು ಆ ನಕಾಶೆಗೆ ಸೇರಿಸದಿರಲಿ. ಅಂಚಿನ ಹಾದಿಯನ್ನು ಬರೆಯುವವರು ಕಿಲೋಮೀಟರು, ಏರು, ಟೈರಿನ ಅಗಲಗಳ ಜೊತೆಗೆ ಯಾವ ತಿಂಗಳಲ್ಲಿ ಹೋಗಬಾರದು, ಯಾವ ಹಳ್ಳಿಯಲ್ಲಿ ಕೇಳಿ ಮುಂದುವರಿಯಬೇಕು, ಎಲ್ಲಿ ಹಿಂದಿರುಗಬೇಕು ಎಂಬುದನ್ನೂ ಬರೆಯಲಿ. ನಮ್ಮ ಮೋಜಿನಿಂದ ಬೆದರಿದ ಆನೆಯು ಸಂಜೆ ಎದುರಾಗುವುದು ನಮಗಲ್ಲ, ಶಾಲೆ ಮುಗಿಸಿ ಬರುವ ಮಕ್ಕಳಿಗೆ.