ಜಾತ್ರೆಯಿಲ್ಲದ ದಿನದ ಯಾತ್ರಿಕರು

ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಕಂಡವರಿಗೆ ಆಷಾಢದ ಒಂದು ಬುಧವಾರ ಅದೇ ಗುಡ್ಡ ಬೇರೆ ಊರಿನಂತೆ ತೋರುತ್ತದೆ. ಚಕ್ಕಡಿ, ಟ್ರ್ಯಾಕ್ಟರುಗಳ ಸಾಲಿಲ್ಲ. ಅಂಗಡಿಗಳ ಮೇಲೆ ತಾಡಪತ್ರಿ ಇಳಿದಿರುತ್ತದೆ. ಅಂತಹ ಒಂದು ದಿನ ನಾವು ನೋಟುಬುಕ್ಕು ಹಿಡಿದು, ಬಂದು ಹೋಗುವವರನ್ನು ಎಣಿಸಲು ಅಲ್ಲಿ ಕುಳಿತಿದ್ದೆವು.

ಈ ಕೆಲಸ ನಮಗೆ ಗಂಟುಬಿದ್ದದ್ದು ಕಾಲೇಜು ಓದುವ ನಮ್ಮ ತಮ್ಮನ ಮಗನಿಂದ. ಹಂಗಾಮಿಲ್ಲದ ಕಾಲದಲ್ಲಿ ನಮ್ಮ ಭಾಗದ ಸ್ಥಳಗಳಿಗೆ ಯಾರು ಬರುತ್ತಾರೆ, ಎಷ್ಟು ಜನ ಬರುತ್ತಾರೆ ಎಂದು ಅವನು ಬರೆಯಬೇಕಾಗಿತ್ತು. ಅವನ ಜೊತೆಗೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು ಸುತ್ತಿದೆವು. ಎಣಿಸುವುದರಲ್ಲಿ ಕಷ್ಟವೇನಿದೆ ಎಂಬ ನಮ್ಮ ತಿಳಿವಳಿಕೆ ಮೊದಲ ದಿನವೇ ಸುಳ್ಳಾಯಿತು.

ಹುಂಡಿಯನ್ನು ನೋಡಿ ಜನರನ್ನು ಅಳೆಯಬಹುದೇ? ಹುಂಡಿ ರೂಪಾಯಿಗಳ ಲೆಕ್ಕ ಹೇಳುತ್ತದೆ, ಕೈಮುಗಿದು ಹೋದವರ ಲೆಕ್ಕವನ್ನಲ್ಲ. ವಸತಿಗೃಹದ ದಾಖಲೆ ಪುಸ್ತಕದಲ್ಲಿ, ಬುತ್ತಿ ಕಟ್ಟಿಕೊಂಡು ಬಂದು ಸಂಜೆಗೆ ಊರು ಸೇರುವವರ ಹೆಸರಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಮಹಿಳೆಯರಿಗೆ ಬಸ್ಸಿನಲ್ಲಿ ಶೂನ್ಯ ದರದ ಟಿಕೆಟು ದೊರೆಯುತ್ತಿದೆ. ಅದು ಒಳ್ಳೆಯ ಆಧಾರವೇ ಸರಿ. ಆದರೆ ಸವದತ್ತಿಗೆ ಟಿಕೆಟು ಪಡೆದ ತಾಯಿ ಗುಡ್ಡಕ್ಕೆ ಬಂದಳೋ, ಸಂತೆಗೆ ಬಂದಳೋ, ಮಗಳ ಮನೆಗೆ ಬಂದಳೋ, ಟಿಕೆಟು ಹೇಳಲಾರದು. ನಿಂತು ಎಣಿಸೋಣವೆಂದರೆ, ಜೋಗುಳಬಾವಿಯಲ್ಲಿ ಸ್ನಾನ ಮಾಡಿದವರೇ ಗುಡ್ಡದ ಮೇಲೆ ಎಣ್ಣೆಹೊಂಡದ ಬಳಿ ಮತ್ತೆ ಸಿಗುತ್ತಾರೆ. ಎರಡೂ ಕಡೆ ಎಣಿಸಿದರೆ ಒಬ್ಬರು ಇಬ್ಬರಾಗುತ್ತಾರೆ.

ಹಂಗಾಮು ಎಂಬುದೂ ಎಲ್ಲ ಊರಿಗೂ ಒಂದೇ ಅಲ್ಲ. ಗುಡ್ಡ ಬರಿದಾಗಿರುವ ಮಳೆಗಾಲದಲ್ಲಿಯೇ ಸೊಗಲದ ಜಲಪಾತಕ್ಕೆ ತರುಣರು ಮೋಟಾರು ಸೈಕಲ್ಲುಗಳ ಮೇಲೆ ಬರುತ್ತಾರೆ; ಮಲಪ್ರಭೆ ತುಂಬಿದಾಗ ನವಿಲುತೀರ್ಥದ ಕಡೆಗೆ ಪೇಟೆಯ ಸಂಸಾರಗಳು ಹೊರಡುತ್ತವೆ. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರೇಶ್ವರನ ಜಾತ್ರೆ ಹೊಸ್ತಿಲ ಹುಣ್ಣಿಮೆಗೆ. ಆದರೆ ಆತನನ್ನು ಮನೆದೇವರೆಂದು ನಡೆದುಕೊಳ್ಳುವ ಮನೆತನಗಳ ನವದಂಪತಿಗಳು ಮದುವೆಯ ದಿನಗಳಲ್ಲಿ ಬಾಸಿಂಗದ ಗುರುತು ಮಾಸುವ ಮುನ್ನವೇ ಬರುತ್ತಾರೆ. ಸುರೇಬಾನದ ಬಳಿಯ ಶಬರಿ ಕೊಳ್ಳದಲ್ಲಿ ನಾವು ಕಂಡವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳವರೇ. ಇವರೆಲ್ಲರನ್ನೂ ‘ಪ್ರವಾಸಿಗರು’ ಎಂಬ ಒಂದೇ ಅಂಕಣದಲ್ಲಿ ಬರೆದರೆ ಏನೂ ತಿಳಿದಂತಾಗುವುದಿಲ್ಲ.

ನಮ್ಮ ಮನಸ್ಸನ್ನು ಕಲಕಿದ್ದು ಕಿತ್ತೂರು ಮತ್ತು ಬೈಲಹೊಂಗಲಗಳ ನಡುವಿನ ಅಂತರ. 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ಕಿತ್ತೂರಿನಲ್ಲಿ ವರ್ಷವರ್ಷವೂ ಉತ್ಸವ ನಡೆಯುತ್ತದೆ. ಆಗ ಕೋಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನಗಳಲ್ಲಿಯೂ ಬೆಳಗಾವಿ–ಧಾರವಾಡ ಹೆದ್ದಾರಿಯಲ್ಲಿ ಹೋಗುವವರು ಒಂದಿಷ್ಟು ಹೊತ್ತು ವಾಹನ ನಿಲ್ಲಿಸಿ ಅರಮನೆಯ ಅವಶೇಷಗಳನ್ನು ಕಂಡು ಹೋಗುತ್ತಾರೆ. ಆದರೆ ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕೊನೆಯುಸಿರೆಳೆದದ್ದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿಯಿರುವುದೂ ಅಲ್ಲಿಯೇ. ಆ ಊರು ಹೆದ್ದಾರಿಯ ಮೇಲಿಲ್ಲ. ಕಿತ್ತೂರಿನಲ್ಲಿ ನಾವು ಮಾತನಾಡಿಸಿದ ಅನೇಕರಿಗೆ ಸಮಾಧಿ ಎಲ್ಲಿದೆಯೆಂಬುದೇ ಗೊತ್ತಿರಲಿಲ್ಲ. ಗೆಲುವನ್ನು ಕಂಡು, ಅದಕ್ಕೆ ಆಕೆ ತೆತ್ತ ಬೆಲೆಯನ್ನು ಕಾಣದೆ ಅವರು ಮರಳುತ್ತಿದ್ದರು.

ಗುಡ್ಡದ ಮೇಲೆ ಅಂದು ಮಧ್ಯಾಹ್ನ, ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮ ನೋಟುಬುಕ್ಕನ್ನು ನೋಡಿ, “ಏನ್ ಬರಕೊಳ್ಳಾಕತ್ತೀರಿ ಯಪ್ಪಾ?” ಎಂದು ಕೇಳಿದರು. ವಿಷಯ ತಿಳಿಸಿದೆವು. “ಹುಣ್ಣಿಮಿಗೆ ಬರೂದ್ ಬಿಟ್ಟ ಭಾಳ ವರ್ಷ ಆತು. ಮೊಳಕಾಲ ನಿಲ್ಲಾಂಗಿಲ್ಲ, ಗದ್ದಲದಾಗ ನೂಕತಾರ. ಗದ್ದಲ ಇಲ್ದಾಗ ಬಂದ ತಾಯಿ ಮಾರಿ ನೋಡಿ ಹೋಗ್ತೀನಿ. ನನ್ನೂ ಬರಕೊಳ್ರಿ, ಇಲ್ಲಾಂದ್ರ ನಾ ಬಂದದ್ದು ಯಾರಿಗಿ ಗೊತ್ತಾಗ್ತೈತಿ?” ಎಂದರು. ಸ್ವಲ್ಪ ತಡೆದು, ಹೆಂಗಸರ ಶೌಚಾಲಯ ಯಾವ ಕಡೆಗಿದೆ, ತೆರೆದಿರುತ್ತದೆಯೇ ಎಂದು ಸಂಕೋಚದಿಂದ ವಿಚಾರಿಸಿದರು.

ಆ ಮಾತಿನಿಂದ ನಮಗೆ ವಿಷಯ ಹೊಳೆಯಿತು. ಜಾತ್ರೆಯಿಲ್ಲದ ದಿನ ಬರುವವರು ಜಾತ್ರೆಯ ಜನರಲ್ಲಿ ಉಳಿದ ಕೆಲವರಲ್ಲ. ಅವರು ಬೇರೆಯೇ ಜನ. ಜಾತ್ರೆಗೆ ಬರಲಾರದ ಮುದುಕಿಯರು, ಕೈಗೂಸಿನ ತಾಯಂದಿರು, ಕಾಲು ಬಾರದವರು, ಗದ್ದಲಕ್ಕೆ ಅಂಜುವವರು. ವ್ಯವಸ್ಥೆಯೆಲ್ಲ ಹುಣ್ಣಿಮೆಯ ಲೆಕ್ಕದ ಮೇಲೆ ನಡೆದರೆ, ನೆರಳು, ನೀರು, ಶೌಚಾಲಯ, ಸಂಜೆಯ ಬಸ್ಸು ಹೆಚ್ಚು ಅವಶ್ಯವಿರುವ ಇವರೇ ಹೊರಗುಳಿಯುತ್ತಾರೆ. ಎಣಿಕೆಗೆ ಬಾರದವರು ಏರ್ಪಾಟಿಗೂ ಬರುವುದಿಲ್ಲ.

ದಾಸೋಹವನ್ನು ಬಲ್ಲ ನಮ್ಮ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿ ಎದ್ದ ಮೇಲೆ ಬಂದವನಿಗೂ ಎಡೆ ಹಾಕುವುದು ನಮ್ಮ ಹಿರಿಯರ ರೂಢಿ. ಊರೂರಿನ ಕಮಿಟಿಗಳು, ಸಂಘದ ತರುಣರು ತಿಂಗಳಿಗೆ ಎರಡು ಸಾದಾ ದಿನಗಳನ್ನು ಗೊತ್ತುಮಾಡಿಕೊಂಡು, ಒಂದೇ ಬಾಗಿಲಲ್ಲಿ ಕುಳಿತು ಎಣಿಸಿದರೆ ಸಾಕು. ಎಲ್ಲಿಂದ ಬಂದಿರಿ, ಯಾರೊಡನೆ ಬಂದಿರಿ, ಇಲ್ಲಿ ಏನು ಕೊರತೆಯಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ವರ್ಷ ತುಂಬುವಷ್ಟರಲ್ಲಿ ಆ ಊರಿನ ನಿಜವಾದ ಚಿತ್ರ ಕೈಗೆ ಸಿಕ್ಕೀತು. ಓದುಗ ಬಾಂಧವರು ಕಿತ್ತೂರಿಗೆ ಹೋದಾಗ ಮಕ್ಕಳನ್ನು ಬೈಲಹೊಂಗಲದ ಸಮಾಧಿಗೂ ಕರೆದೊಯ್ಯಲಿ.

ನಮ್ಮ ನೋಟುಬುಕ್ಕಿನಲ್ಲಿ ಅಂದು ಒಂದು ಪುಟವೂ ತುಂಬಲಿಲ್ಲ. ಆ ತಾಯಿಯನ್ನು ಮಾತ್ರ ಅವರ ಕಣ್ಣೆದುರಿಗೇ ಬರೆದುಕೊಂಡೆವು. ಶೌಚಾಲಯದ ಬೀಗದ ಕೈ ಯಾರ ಬಳಿ ಇದೆಯೆಂದು ನಮ್ಮ ಹುಡುಗ ಅದಕ್ಕೂ ಮೊದಲೇ ಹುಡುಕಲು ಎದ್ದು ಹೋಗಿದ್ದನು.