ಮೇಪಲ್ ಗಿಡದ ಬಾಣಂತನ

ಮಗಳ ಬಾಣಂತನಕ್ಕೆ ಟೊರಾಂಟೊಗೆ ಹೋಗಲು ನನ್ನಿಂದಾಗಲಿಲ್ಲ. ಯಜಮಾನರ ಹೃದಯದ ಆಪರೇಷನ್ ಅದೇ ತಿಂಗಳಲ್ಲಿ ಬಂತು. ಏಪ್ರಿಲ್‌ನಲ್ಲಿ ಅವಳಿಗೆ ಹೆಣ್ಣುಮಗುವಾಯಿತು. ಅಳಿಯಂದಿರು ಅದರ ನೆನಪಿಗೆಂದು ಕುಂಡದಲ್ಲಿ ಬೆಳೆದ, ಮೊಣಕಾಲೆತ್ತರದ ಮೇಪಲ್ ಗಿಡವೊಂದನ್ನು ತಂದು ಬಾಲ್ಕನಿಯಲ್ಲಿಟ್ಟರು. 1965ರಿಂದ ಕೆನಡಾದ ಬಾವುಟದ ಮೇಲಿರುವುದು ಈ ಮರದ ಎಲೆಯೇ.

ಜುಲೈನಲ್ಲಿ ಮೂಡಿಗೆರೆಗೆ ಪುನರ್ವಸು ಮಳೆ ಹಿಡಿದಿತ್ತು. ಶಾಲೆಯಿಂದ ಬಂದು ಒದ್ದೆ ಸೀರೆ ಬದಲಿಸುವಷ್ಟರಲ್ಲಿ ಫೋನು. ಇಲ್ಲಿ ಸಂಜೆ ಆರೂವರೆಯಾದರೆ ಅಲ್ಲಿ ಬೆಳಿಗ್ಗೆ ಒಂಬತ್ತು. "ಅಮ್ಮಾ, ಎಲೆಯೆಲ್ಲ ಕಂದಾಗ್ತಿದೆ ಕಣಮ್ಮ" ಎಂದು ತೋರಿಸಿದಳು. ಅಂಚೆಲ್ಲ ಸೀದ ಅಕ್ಕಿರೊಟ್ಟಿಯ ಹಾಗೆ ಕಾಣುತ್ತಿತ್ತು. "ನೀರು ಸಾಲದೇನೋ, ಚೆನ್ನಾಗಿ ಹಾಕೇ" ಎಂದುಬಿಟ್ಟೆ. ಬಿ.ಎ., ಬಿ.ಇಡಿ. ಮಾಡಿ ಸಮಾಜ ಪಾಠ ಹೇಳುವವಳು ನಾನು. ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗ ಬಾಷ್ಪವಿಸರ್ಜನೆಯ ಪಾಠ ಮಾಡಿದ ಧೈರ್ಯ!

ಹತ್ತು ದಿನಕ್ಕೆ ಅರ್ಧದಷ್ಟು ಎಲೆ ಉದುರಿದವು. "ಒಂದು ಗಿಡ ಉಳಿಸ್ಕೊಳ್ಳೋಕೆ ಆಗಲ್ಲ ನಂಗೆ, ಮಗೂನ ಹೇಗಮ್ಮ ಸಾಕ್ತೀನಿ?" ಎಂದು ಬಿಕ್ಕಿದಳು. ಊಟ ಸೇರುತ್ತಿಲ್ಲವಂತೆ, ಮಗು ಮಲಗಿದರೂ ಇವಳಿಗೆ ನಿದ್ದೆಯಿಲ್ಲವಂತೆ. ನಾನೇನೋ ಹೇಳಬೇಕೆನ್ನುವಷ್ಟರಲ್ಲಿ ಮಳೆಗೆ ನೆಟ್‌ವರ್ಕ್ ಹೋಯಿತು.

ಆ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ. ನಮ್ಮಪ್ಪ ಕಾಫಿ ನರ್ಸರಿ ಮಾಡುತ್ತಿದ್ದುದು ನೆನಪಾಯಿತು. 6 ಪಾಲು ಕಾಡುಮಣ್ಣು, 2 ಪಾಲು ಕಳಿತ ಗೊಬ್ಬರ, 1 ಪಾಲು ಮರಳು. ಚೀಲಗಳ ತೂತು ಮುಚ್ಚಿದೆಯೇನೋ ಎಂದು ಒಂದೊಂದನ್ನೂ ಎತ್ತಿ ನೋಡುತ್ತಿದ್ದರು. ಬೇರಿಗೂ ಉಸಿರಾಡಲು ಗಾಳಿ ಬೇಕು, ನೀರು ನಿಂತರೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು, ನೀರಿನಲ್ಲೇ ನಿಂತ ಗಿಡಕ್ಕೆ ಬಾಯಾರಿಕೆಯಾಗುತ್ತದೆ. ಮೊದಲು ಒಣಗುವುದು ಎಲ್ಲಕ್ಕಿಂತ ದೂರದಲ್ಲಿರುವ ಎಲೆಯಂಚು. ಮರಗಸಿ ಸರಿಯಾಗಿ ಮಾಡದ ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗ ಬರುವುದನ್ನು ವರ್ಷವರ್ಷ ನೋಡುವವಳು ಇದನ್ನು ಮರೆತಿದ್ದೆ.

ಮಾರನೆಯ ದಿನ, "ಕುಂಡದ ಬುಡ ತೋರಿಸು" ಎಂದೆ. ಚಂದ ಕಾಣಲೆಂದು ಕುಂಡವನ್ನು ಇನ್ನೊಂದು ಬಣ್ಣದ ಕುಂಡದೊಳಗೆ ಇಳಿಸಿದ್ದರು. ಅದಕ್ಕೆ ತೂತೇ ಇಲ್ಲ! ತಳದಲ್ಲಿ ನಾಲ್ಕು ಬೆರಳು ನೀರು, ಗಬ್ಬು ವಾಸನೆ. ಎತ್ತಿ ನೀರು ಸೋರಿಸಿದಳು. ಗಾಳಿ ಬಡಿಯದ ಮೂಲೆಗೆ ಸರಿಸು, ಗೊಬ್ಬರ ಹಾಕಬೇಡ, ಎರಡು ಗೆಣ್ಣು ಬೆರಳಿಳಿಸಿ ಒಣಗಿದ್ದರೆ ಮಾತ್ರ ನೀರು ಎಂದೆ. "ನೀರು ಹಾಕು ಅಂದವಳು ನಾನು, ತಪ್ಪು ನಂದೇ ಕಣೇ" ಎಂದೂ ಹೇಳಿದೆ. ಆಮೇಲೆ ಅಳಿಯಂದಿರನ್ನು ಕರೆದು, ಇವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೆ. ಬಾಣಂತಿಯರಿಗೆ ಮನಸ್ಸು ಹೀಗೆ ಕುಸಿಯುವುದುಂಟು, ಚಿಕಿತ್ಸೆಯಿದೆ ಎಂದರಂತೆ ಅವರು. ನಮ್ಮಲ್ಲಿ ಇದನ್ನು ಸೊಕ್ಕು ಎಂದವರನ್ನು ಕಂಡಿದ್ದೇನೆ.

ಆಗಸ್ಟ್ ಕೊನೆಗೆ ಗಿಡದಲ್ಲಿ ನಾಲ್ಕು ಹೊಸ ಎಲೆ. ಮಗಳು ಊಟದ ತಟ್ಟೆ ಹಿಡಿದುಕೊಂಡೇ ಮಾತಾಡತೊಡಗಿದಳು. ಅಕ್ಟೋಬರಿನಲ್ಲಿ ಎಲೆಯೆಲ್ಲ ಕೆಂಪಾಗಿ ಉದುರಿದಾಗ ನಾನು "ಅಯ್ಯೋ!" ಎಂದು ಕೂಗಿಕೊಂಡೆ. "ಇಡೀ ರಸ್ತೆಯೇ ಹೀಗಿದೆಯಮ್ಮ" ಎಂದು ಅವಳೇ ನಕ್ಕಳು. ಚಳಿಗೆ ಬೇರು ಹೆಪ್ಪುಗಟ್ಟದಿರಲೆಂದು ಕುಂಡಕ್ಕೆ ಹಳೆಯ ಕಂಬಳಿ ಸುತ್ತಿ ಗೋಡೆಗೆ ಒತ್ತಿಟ್ಟರು.

ಮೇ ತಿಂಗಳಲ್ಲಿ ಫೋನಿನಲ್ಲಿ ಚಿಗುರು ತೋರಿಸುತ್ತಿದ್ದಳು. ಅಷ್ಟರಲ್ಲಿ ಮೊಮ್ಮಗಳು ತೆವಳಿಕೊಂಡು ಬಂದು ಕುಂಡಕ್ಕೆ ಕೈಹಾಕಿದಳು.

"ಅಯ್ಯೋ, ಮಣ್ಣು ಬಾಯಿಗೆ ಹಾಕ್ಕೊಂಡ್ಳು, ತೆಗಿಯೇ!" ಎಂದು ನಾನು ಇಲ್ಲಿಂದಲೇ ಕೂಗಿದೆ.