ನಕ್ಷೆಯಲ್ಲಿ ಇಲ್ಲದ ಕಾಲುದಾರಿ

ಮದ್ದೂರು ಕಡೆ ನಮ್ಮ ಗೆಳೆಯನ ಊರಿನಲ್ಲಿ ಅಜ್ಜಿಯೊಬ್ಬರಿದ್ದಾರೆ. ಮನೆ ಹೊಸ ರಸ್ತೆಯ ಈ ಕಡೆ, ಗದ್ದೆ ಆ ಕಡೆ. ಮೊದಲು ಬದು ಹಿಡಿದು ನಡೆದರೆ ಹತ್ತು ನಿಮಿಷ. ಈಗ ಅಂಡರ್‌ಪಾಸ್ ಬಳಸಿ ಹೋಗಲು ಮುಕ್ಕಾಲು ಗಂಟೆ. "ಕಾರು ಎಲ್ಲಿ ಹೋಗ್ಬೇಕು ಅಂತ ಬರ್ಕಂಡವ್ರೆ ಕಣಪ್ಪಾ, ಎಮ್ಮೆ ಎಲ್ಲಿ ಹೋಗ್ಬೇಕು ಅಂತ ಬರ್ಕಂಡಿಲ್ಲ" ಅಂದರು.

118 ಕಿಲೋಮೀಟರಿನ ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿದ್ದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ. ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಅದರ ಮುಖ್ಯ ಪಥ ಹತ್ತುವಂತಿಲ್ಲ. ರಸ್ತೆ ಬಂದಾಯಿತು. ಈಗ ಅದರ ಅಕ್ಕಪಕ್ಕ ಲೇಔಟುಗಳು ಏಳುತ್ತಿವೆ, ಪೇಟೆ ಹಳ್ಳಿಯ ಕಡೆಗೆ ಬರುತ್ತಿದೆ. ಮುಂದಿನ ರಸ್ತೆ, ಚರಂಡಿ, ಮೋರಿ ಎಲ್ಲಿ ಅಂತ ತೀರ್ಮಾನ ಆಗೋ ಮೊದಲೇ ಅಜ್ಜಿಯ ಮಾತನ್ನು ತಲುಪಿಸುವುದು ಹೇಗೆ?

ಪಟ್ಟಣ ಯೋಜನೆಯ ಸಭೆಯೊಂದಕ್ಕೆ ಒಮ್ಮೆ ನಾವು ಹೋಗಿದ್ದೆವು. ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ. ಆಕ್ಷೇಪಣೆ ಇದ್ದರೆ ಸರ್ವೆ ನಂಬರ್ ಸಮೇತ ಹೇಳಿ ಅಂದರು. ಜನ ಮುಖ ಮುಖ ನೋಡಿಕೊಂಡು, ಕಾಫಿ ಕುಡಿದು ಎದ್ದು ಬಂದರು. ಪತ್ರಿಕೋದ್ಯಮ ಓದಿದ ನಮಗೂ ಬಾಯಿ ಬರಲಿಲ್ಲ.

ಆ ಬೇಜಾರಿನಲ್ಲೇ ಒಂದು ರಾತ್ರಿ ಗೆಳೆಯನ ಮನೆ ಜಗಲಿ ಮೇಲೆ ಸೀಮೆಸುಣ್ಣ ಹಿಡಿದು ಕೂತೆವು. "ಸಮಸ್ಯೆ ಹೇಳಿ" ಅಂತ ಕೇಳಲಿಲ್ಲ. "ನಿಮ್ಮ ಒಂದು ದಿನದ ಕತೆ ಹೇಳಿ" ಅಂದೆವು. ಹೇಳಿದಂತೆಲ್ಲ ನೆಲದ ಮೇಲೆ ಗೆರೆ ಎಳೆದೆವು. ಹಾಲು ಡೈರಿಗೆ ಹೋಗುವ ದಾರಿ, ಹೆಣ್ಣುಮಕ್ಕಳು ಕತ್ತಲಾದ ಮೇಲೆ ಬಿಟ್ಟುಬಿಡುವ ದಾರಿ, ಹೆಣ ಹೊರುವ ದಾರಿ. ಒಂದೂ ನಕ್ಷೆಯಲ್ಲಿ ಇರಲಿಲ್ಲ.

ಆಮೇಲೆ ಮಕ್ಕಳಿಗೆ, "ನೀನೇ ಹಳ್ಳ ಆಗಿದ್ರೆ ಏನು ಹೇಳ್ತಿದ್ದೆ?" ಅಂತ ಕೇಳಿದೆವು. ಆರನೇ ಕ್ಲಾಸಿನ ಹುಡುಗ ಎದ್ದು ನಿಂತ. "ನಾನು ಬೇಸ್ಗೇಲಿ ಮಲ್ಗಿರ್ತೀನಿ. ಸತ್ತೋಗವ್ನೆ ಅಂತ ನನ್ ಮೇಲೆ ಸೈಟ್ ಮಾಡ್ತಾವ್ರೆ. ಮಳೆ ಬರ್ಲಿ, ಎದ್ ಬತ್ತೀನಿ" ಅಂದ. ಎಲ್ಲರೂ ನಕ್ಕರು. ಹಿರಿಯರೊಬ್ಬರು ನಗಲಿಲ್ಲ. ಸೀಮೆಸುಣ್ಣ ಇಸಿದುಕೊಂಡು, ನೀರು ಎಲ್ಲಿಂದ ಇಳಿದು ಯಾವ ಕೆರೆಗೆ ಹೋಗುತ್ತಿತ್ತು ಅಂತ ಗೆರೆ ಎಳೆದು ತೋರಿಸಿದರು. 2022ರ ಆಗಸ್ಟಿನ ಮಳೆಗೆ ರಾಮನಗರದ ಬಳಿ ಹೊಸ ಹೆದ್ದಾರಿ ಮೇಲೆ ನೀರು ನಿಂತಿದ್ದು ನಮಗೆ ನೆನಪಾಯಿತು.

ಮಳವಳ್ಳಿ ಸೀಮೆಯವರಿಗೆ ಇದು ಹೊಸದೇನಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಕೇಳಿ ಬೆಳೆದವರಿಗೆ ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರು ಕತೆಯ ಜೊತೆಗೇ ಮನಸ್ಸಿನಲ್ಲಿ ಉಳಿದಿರುತ್ತವೆ. ಬೆಂಗಳೂರಿನಲ್ಲಿ ಫೀಲ್ಡ್ಸ್ ಆಫ್ ವ್ಯೂ ಎಂಬ ಸಂಸ್ಥೆ 'ಸಿಟಿ ಗೇಮ್' ಅಂತಲೇ ಒಂದು ಆಟ ಮಾಡಿದೆ. ಜನ ಒಟ್ಟಿಗೆ ಕೂತು, ಮಾತಾಡಿಕೊಂಡು ಒಂದು ನಗರ ಕಟ್ಟುತ್ತಾರೆ. ನಮಗೆ ಆಟದ ಸಾಮಾನೂ ಬೇಡ, ಜಗಲಿ ಸಾಕು.

ಆದರೆ ಬರೀ ಕತೆ ಕಚೇರಿಯ ಬಾಗಿಲು ದಾಟುವುದಿಲ್ಲ. ಅದಕ್ಕೇ ಪ್ರತಿ ಕತೆಯ ಕೆಳಗೆ ಜಾಗ, ಹೊತ್ತು, ಎಷ್ಟು ಜನ ಓಡಾಡುತ್ತಾರೆ ಅಂತ ಬರೆದೆವು. ಪಹಣಿ ನೋಡಿ ಸರ್ವೆ ನಂಬರ್ ಸೇರಿಸಿದೆವು, ಫೋನಿನಲ್ಲಿ ಫೋಟೊ ತೆಗೆದೆವು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಕರಡು ಮಾಸ್ಟರ್ ಪ್ಲಾನ್ ಪ್ರಕಟವಾದ ಮೇಲೆ ಜನ ಅಭಿಪ್ರಾಯ ಹೇಳಲು 60 ದಿನ ಇರುತ್ತದೆ. ಆ ದಿನಗಳು ಶುರುವಾಗುವ ಮೊದಲೇ ನಮ್ಮ ಕಡತ ಸಿದ್ಧವಿರಬೇಕು. ಕೊಟ್ಟ ಮೇಲೆ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ಕೊನೆಗೆ ಅಜ್ಜಿ ಕೇಳಿದರು: "ನನ್ ಕತೆ ಓದುದ್ರೆ ದಾರಿ ಬುಡ್ತಾರಾ?"

ಬಿಡುತ್ತಾರೆ ಅಂತ ಹೇಳುವ ಧೈರ್ಯ ನಮಗಿರಲಿಲ್ಲ. "ಹೇಳದೇ ಇದ್ರೆ ಅಲ್ಲೊಂದು ದಾರಿ ಇತ್ತು ಅಂತಾನೇ ಅವರಿಗೆ ಗೊತ್ತಾಗಲ್ಲ ಅಜ್ಜಿ" ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಬರ್ಕೊ" ಅಂತ ಮೊದಲಿಂದ ಶುರುಮಾಡಿದರು.

ನಿಮ್ಮೂರಿನ ಜಗಲಿಯಲ್ಲೂ ಯಾರನ್ನಾದರೂ ಕೇಳಿ ನೋಡಿ. ಬರೆದುಕೊಳ್ಳಿ.